ಬಾಯಿಗೆ ಹುಳ ಬೀಳುವ ಭಾಗ್ಯ

ಆಗ ನನಗೆ ನಲವತ್ತು. ಈ ಮಾತಿಗೆ ನಲವತ್ತು ವರ್ಷದ ಮೇಲಾಯಿತು. ಹುಳ ಸಾಕಿದ ಹೆಂಗಸು ನಾನು. ರೇಷ್ಮೆ ಹುಳ ಅಂದುಕೊಳ್ಳಬೇಡಿ, ನೊಣದ ಹುಳ.

ಬಡವನಹಳ್ಳಿ ಪಕ್ಕದ ನಮ್ಮ ಹೊಲದಲ್ಲಿ ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿಯಿತ್ತು. ಅದಕ್ಕೆ ನೀರು ತುಂಬಿಸಿ ಗೆಂಡೆ ಮೀನಿನ ಮರಿ ಬಿಟ್ಟೆ. ಕಡಲೆಕಾಯಿ ಹಿಂಡಿ ಹಾಕಿ ಅಂದಿದ್ದರು ಮರಿ ಕೊಟ್ಟವರು. ಹಿಂಡಿ ನಮ್ಮ ಎಮ್ಮೆಯ ಪಾಲಿನದು. ಎಮ್ಮೆಯ ಹಾಲು ಇಳಿಯಿತು, ಯಜಮಾನನ ದನಿ ಏರಿತು.

“ಲೇ, ಎಮ್ಮೆ ಬಾಯಿಂದ ಕಿತ್ತು ಮೀನ್ಗೆ ಹಾಕ್ತೀಯಾ? ಇನ್ನು ಹಿಂಡಿ ಮುಟ್ಬೇಡ. ಯುಗಾದಿ ಒಳ್ಗೆ ಅವು ದಪ್ಪ ಆಗ್ಲಿಲ್ವೋ, ಗುಂಡಿ ಮುಚ್ಬುಡ್ತೀನಿ.”

ತಿಪ್ಪೆ ಕೆದಕುವ ಕೋಳಿ ನನಗೆ ಮೇಷ್ಟ್ರಾಯಿತು. ಬಿಳಿ ಹುಳ ಹೆಕ್ಕಿ ತಿಂದೇ ಅದು ಗುಂಡುಗುಂಡಾಗಿತ್ತು. ಹಳೇ ಮಡಕೆಯ ತಳಕ್ಕೆ ತೂತು ಕೊರೆದು, ಕೋಳಿ ಕರುಳು ತುಂಬಿ, ಗುಂಡಿಯ ಮೇಲೆ ಬಾಗಿದ ಜಾಲಿ ಕೊಂಬೆಗೆ ಕಟ್ಟಿದೆ. ನೊಣ ಮುತ್ತಿ ಮೊಟ್ಟೆಯಿಟ್ಟವು, ನಾಲ್ಕೈದು ದಿನಕ್ಕೆ ಹುಳ ಒಂದೊಂದಾಗಿ ನೀರಿಗೆ ಉದುರಿದವು. ಮೀನುಗಳಿಗೆ ಹೇಳಿಕೊಡಬೇಕಾಗಲಿಲ್ಲ.

ನಾತ ಇರಲಿಲ್ಲ ಅಂತ ಸುಳ್ಳು ಹೇಳಲಾರೆ. ಪಕ್ಕದ ಹೊಲದ ನನ್ನ ವಾರಗಿತ್ತಿ ನಿಂಗಮ್ಮ ಮೂಗಿಗೆ ಸೆರಗು ಹಿಡಿದು ಕೂಗಿದಳು: “ನಿನ್ ಬಾಯಿಗೆ ಹುಳ ಬೀಳ!”

“ನನ್ ಬಾಯಿಗ್ಯಾಕಮ್ಮಿ? ಕೆಳ್ಗೆ ಬಾಯ್ ತಕ್ಕೊಂಡ್ ಕಾಯ್ತಾವಲ್ಲ, ಅವಕ್ಕೆ ಅನ್ನು.”

ನಮ್ಮ ಕಡೆ ಇದಕ್ಕಿಂತ ಕೆಟ್ಟ ಶಾಪ ಇಲ್ಲ. ಮೀನಿನ ಭಾಷೆಯಲ್ಲಿ ಅದು ಆಶೀರ್ವಾದ ಇರಬೇಕು. ನಾನು ಓದಿದ್ದು ಎರಡನೇ ಕ್ಲಾಸು. ಆದರೂ ಇಷ್ಟು ಬಲ್ಲೆ: ಹುಳದ ಬಾಯಿಂದ ಬಂದ ನೂಲು ಉಟ್ಟು ದೇವರ ಮುಂದೆ ನಿಲ್ಲುತ್ತೇವೆ, ಹುಳ ತಿಂದ ಕೋಳಿಯ ಮೊಟ್ಟೆ ಕಣ್ಣಿಗೊತ್ತಿಕೊಂಡು ತಿನ್ನುತ್ತೇವೆ. ಅಸಹ್ಯ ಅನ್ನುವುದು ಕಣ್ಣಿನ ಕಾಯಿಲೆ. ಕಾಣದಿದ್ದರೆ ತಾನೇ ವಾಸಿ.

ನಮ್ಮ ಯಜಮಾನನಿಗೆ ಮಾತ್ರ ಕಂಡುಬಿಟ್ಟಿತ್ತು. “ದಪ್ಪ ಆದ್ರೂ ಅಷ್ಟೆ, ಹುಳ ತಿಂದ ಮೀನ್ನ ಯಾವನ್ ತಿಂತಾನೆ?” ಅಂದ.

ಯುಗಾದಿ ಮಾರನೆಯ ದಿನ ವರ್ಷದೊಡಕು. ಊರೆಲ್ಲ ಬಾಡಿನ ಘಮ. ನಾನು ಗುಂಡಿಗೆ ಬಲೆ ಹಾಕಿ, ಗೇಣು ಮೀರಿದ ಗೆಂಡೆ ಹಿಡಿದು, ಹುಣಸೆಹುಳಿ ಬಿಟ್ಟು ಸಾರು ಮಾಡಿದೆ. ಯಜಮಾನ ಮುದ್ದೆ ಮುರಿದವನು ಕೈ ತಡೆದ.

“ಕೆರೆ ಮೀನೋ, ಗುಂಡಿದೋ?”

“ಗುಂಡಿದೇ. ಕೆರೆ ಮೀನೇನು ಅನ್ನ ಸಾರು ಉಂಡ್ಕೊಂಡ್ ಬೆಳೀತಾವಾ?”

ಅವನು ಸಾರಿನ ಕಡೆ ನೋಡಿದ, ನನ್ನ ಕಡೆ ನೋಡಿದ. ಆಮೇಲೆ ತಟ್ಟೆ ಮುಂದೆ ತಳ್ಳಿದ. “ತಲೆ ಇತ್ಲಾಗ್ ಹಾಕು.”

ಗುಂಡಿ ಮುಚ್ಚುವ ಮಾತು ಅಲ್ಲಿಗೇ ನಿಂತಿತು. ನಿಂಗಮ್ಮ ಕೂಡ “ಮಕ್ಳಿಗೆ ಕಣಕ್ಕ” ಅಂತ ಸಾರಿಗೆ ಬೋಸಿ ತಂದಳು. ಅವಳ ಮಕ್ಕಳು ಆಗ ಅಜ್ಜಿ ಊರಿನಲ್ಲಿದ್ದವು.

ಮಾರನೇ ಬೆಳಿಗ್ಗೆ ನಾನು ಮಧುಗಿರಿಗೆ ಹೋಗಿ, ಕೋಳಿ ಅಂಗಡಿಯಿಂದ ಒಂದು ಡಬ್ಬ ಕರುಳು ತಂದೆ. ಬಸ್ಸು ತುಂಬಿ ತುಳುಕುತ್ತಿತ್ತು. ನನ್ನ ಪಕ್ಕಕ್ಕೆ ಮಾತ್ರ ಯಾರೂ ಬರಲಿಲ್ಲ. ಊರವರೆಗೂ ಕಾಲು ಚಾಚಿ ಕೂತು ಬಂದೆ.