ಸಾಡೊ ಸೀರೆಯ ಹದಿನಾರನೆಯ ಎಸಳು

ಬಟ್ಟೆ ತುಂಡುಗಳನ್ನು ಜೋಡಿಸಿ ಕೌದಿಯಂತೆ ಹೊಲಿಯುವ ನನ್ನ ಕ್ವಿಲ್ಟ್ ಶಿಬಿರಕ್ಕೆ ಬಂದವರಿಗೆಲ್ಲ ಒಂದು ಪಾಠ ಬಾಯಿಪಾಠವಾಗಿರುತ್ತದೆ. ತುಂಡಿನ ಆಕಾರ ತೋರಿಸುವ ಕಾಗದದ ಅಚ್ಚಿನ ಮೂಲೆಯಲ್ಲಿ ಒಂದಿಂಚಿನ ಪುಟ್ಟ ಚೌಕ ಇರುತ್ತದೆ. ಬಟ್ಟೆಗೆ ಕತ್ತರಿ ಹಾಕುವ ಮೊದಲು ಸ್ಕೇಲ್ ಇಟ್ಟು ಅದನ್ನು ಅಳೆಯಬೇಕು. ಚೌಕ ಸರಿಯಾಗಿ ಒಂದಿಂಚು ಇದ್ದರೆ ಅಚ್ಚು ಸರಿಯಾಗಿ ಪ್ರಿಂಟ್ ಆಗಿದೆ ಎಂದರ್ಥ, ಇಲ್ಲದಿದ್ದರೆ ಆ ಅಚ್ಚು ಕಸದ ಬುಟ್ಟಿಗೆ. ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಬೋಳಾರದ ಶಿಬಿರದಲ್ಲಿ ಚೌಕ ಅಳೆಯದೆ ಅಚ್ಚು ಹಂಚಿದವಳು ನಾನೇ.

ಆ ಅಚ್ಚು ನನ್ನದೇ ವಿನ್ಯಾಸ. ದೊಡ್ಡಮ್ಮನ ಮನೆಯ ಹಳೆಯ ಸಿಮೆಂಟ್ ಟೈಲ್ಸಿನಲ್ಲಿದ್ದ ಎಂಟೆಸಳಿನ ಹೂವನ್ನು ನೋಡಿ, ದೇರೆಬೈಲಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಮೂರು ತಿಂಗಳು ಗೀಚಿ, ಅಳಿಸಿ, ಮತ್ತೆ ಗೀಚಿ ಮಾಡಿದ್ದು. ಅಷ್ಟು ಒದ್ದಾಡಿದ್ದಕ್ಕೇ ಇರಬೇಕು, ಅದರ ಬಗ್ಗೆ ಯಾರು ಒಂದು ಮಾತಾಡಿದರೂ ನನಗೆ ಮೈ ಉರಿಯುತ್ತಿತ್ತು. ಶಿಬಿರದ ಹಿಂದಿನ ದಿನ ಕೊಡಿಯಾಲ್‌ಬೈಲಿನ ಜೆರಾಕ್ಸ್ ಅಂಗಡಿಯೊಂದರಲ್ಲಿ ದಪ್ಪ ಕಾಗದದ ಮೇಲೆ ಅಚ್ಚನ್ನು ಪ್ರಿಂಟ್ ಹೊಡೆಸಿದೆ. ಸ್ಕೂಟರ್ ರಸ್ತೆಗೆ ಅಡ್ಡವಾಗಿ ನಿಂತಿತ್ತು, ಹಿಂದಿನ ಬಸ್ಸಿನವನು ಹಾರ್ನ್ ಹೊಡೆಯುತ್ತಲೇ ಇದ್ದ. ಕಾಗದದ ಕಟ್ಟನ್ನು ಚೀಲಕ್ಕೆ ತುರುಕಿ ಹೊರಟುಬಿಟ್ಟೆ.

ಬಂದಿದ್ದ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಅಂಗಡಿಯ ಹತ್ತಿ ಬಟ್ಟೆ ತಂದಿದ್ದರು. ತಪ್ಪಾದರೆ ಇನ್ನೊಂದು ಮೀಟರ್ ತಂದರಾಯಿತು. ಹನ್ನೆರಡನೆಯವರು ನಿವೃತ್ತ ನರ್ಸ್. ಅವರನ್ನು ನಾವೆಲ್ಲ ಆಂಟಿ ಎನ್ನುತ್ತಿದ್ದೆವು. ಅವರು ತಂದದ್ದು ತಮ್ಮ ಅಮ್ಮನ ಸಾಡೊ, ಅಂದರೆ ಕೊಂಕಣಿ ಕ್ರೈಸ್ತರ ಮದುಮಗಳು ಉಡುವ ಕೆಂಪು ರೇಷ್ಮೆ ಸೀರೆ. ಅಮ್ಮ ತೀರಿಕೊಂಡ ಮೇಲೆ ಅದು ಯಾರಿಗೆ ಸೇರಬೇಕು ಎಂದು ಅವರಿಗೂ ಮಸ್ಕತ್ತಿನಲ್ಲಿರುವ ತಂಗಿಗೂ ಜಗಳವಾಗಿ ನಾಲ್ಕು ವರ್ಷದಿಂದ ಮಾತಿರಲಿಲ್ಲ. ಕೊನೆಗೆ ಅವರಿಬ್ಬರ ತಮ್ಮ ನಡುವೆ ನಿಂತು, ಇವಳ ಮಾತನ್ನು ಅವಳಿಗೆ ಅವಳ ಮಾತನ್ನು ಇವಳಿಗೆ ಮುಟ್ಟಿಸಿ ಒಂದು ಒಪ್ಪಂದಕ್ಕೆ ತಂದಿದ್ದ. ಸೀರೆಯಿಂದ ಎಂಟೆಂಟು ಎಸಳಿನ ಎರಡು ಹೂವು ಮಾಡುವುದು, ಒಬ್ಬೊಬ್ಬರ ಕ್ವಿಲ್ಟಿಗೆ ಒಂದೊಂದು. ಒಂದೆಸಳೂ ಹೆಚ್ಚುಕಡಿಮೆ ಆಗಬಾರದು.

ಸೀರೆಯ ಮಡಿಕೆಗಳಲ್ಲೆಲ್ಲ ಹುಳ ತಿಂದ ತೂತುಗಳು. ಗಟ್ಟಿಯಾಗಿ ಉಳಿದದ್ದು ಸೆರಗಿನ ಹತ್ತಿರದ ಒಂದು ತುಂಡು ಮಾತ್ರ. ಹಿಂದಿನ ವಾರ ಅದನ್ನು ಮೇಜಿನ ಮೇಲೆ ಹರಡಿ ಲೆಕ್ಕ ಹಾಕಿದವಳೂ ನಾನೇ.

"ಹದಿನಾರು ಎಸಳು ಬರ್ತದೆ ಆಂಟಿ. ನೀವು ಹೆದರ್ಬೇಡಿ," ಎಂದಿದ್ದೆ.

ಮೊದಲ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನನ್ನ ಮಾದರಿಯ ಹೂವನ್ನು ಜೋಡಿಸಲು ಕುಳಿತೆ. ನಾಲ್ಕು ಎಸಳು ಹೊಲಿದು ಹಿನ್ನೆಲೆಯ ಬಟ್ಟೆಯ ಮೇಲಿಟ್ಟರೆ ತುದಿಗಳು ಅಂಚು ದಾಟಿ ಹೊರಗೆ ಬಂದವು. ಬಿಚ್ಚಿ ಮತ್ತೆ ಹೊಲಿದೆ. ಮತ್ತೆ ಅದೇ ಕಥೆ. ಆಮೇಲೆ ಅಚ್ಚಿನ ಮೂಲೆಯ ಚೌಕಕ್ಕೆ ಸ್ಕೇಲ್ ಇಟ್ಟೆ. ಒಂದಿಂಚು ದಾಟಿ ಒಂದು ಗೆರೆ ಜಾಸ್ತಿ ಇತ್ತು. ಹಾಳೆ ತುಂಬಲಿ ಎಂದು ಅಂಗಡಿಯ ಮೆಷಿನ್ ಚಿತ್ರವನ್ನು ಹಿಗ್ಗಿಸಿತ್ತು.

ಕೋಣೆಯ ಆ ತುದಿಯಲ್ಲಿ ಆಂಟಿಯ ಕತ್ತರಿ ನಡೆಯುತ್ತಿತ್ತು. ನರ್ಸ್ ಕೈ, ಒಂದು ಚೂರೂ ಅಲುಗುವುದಿಲ್ಲ.

"ಆಂಟಿ, ನಿಲ್ಸಿ! ಟೀ ಬಂತು, ಎಲ್ಲರೂ ಮೊದಲು ಟೀ ಕುಡಿದು ಬನ್ನಿ," ಎಂದು ಕೂಗಿದೆ. ಎಲ್ಲರೂ ಜಗುಲಿಗೆ ಹೋದರು.

ಆಂಟಿಯ ಮೇಜಿನ ಮೇಲೆ ಹತ್ತು ಕೆಂಪು ಎಸಳುಗಳು ಸಾಲಾಗಿದ್ದವು. ಇನ್ನು ಆರು ಬೇಕು. ಅಚ್ಚನ್ನು ಸರಿಯಾದ ಅಳತೆಗೆ ಸವರಿ ಉಳಿದ ಬಟ್ಟೆಯ ಮೇಲೆ ಇಟ್ಟು ನೋಡಿದೆ. ಐದು ಹಿಡಿಯಿತು. ತಲೆಕೆಳಗು ಮಾಡಿದೆ, ಓರೆಯಾಗಿ ಇಟ್ಟೆ, ಒಂದಕ್ಕೊಂದು ತಾಗಿಸಿದೆ. ಐದೇ. ದೊಡ್ಡದಾದ ಹತ್ತು ಎಸಳುಗಳ ಅಂಚನ್ನು ಕತ್ತರಿಸಿದರೆ ಸಿಗುವುದು ದಾರದಂಥ ಚಿಂದಿ, ಹೊಲಿಗೆ ಹಿಡಿಯುವುದಿಲ್ಲ. ಹದಿನೈದು ಎಸಳು, ಇಬ್ಬರು ಅಕ್ಕತಂಗಿಯರು.

ಸುಳ್ಳು ಹೇಳುವ ಯೋಚನೆ ಬರಲಿಲ್ಲ ಎಂದರೆ ಅದೇ ಸುಳ್ಳಾಗುತ್ತದೆ. "ಹಳೆಯ ರೇಷ್ಮೆ ಅಲ್ವಾ ಆಂಟಿ, ಎಳೆದಾಗ ಓರೆಯಾಯಿತು, ಒಂದೆಸಳು ಕಡಿಮೆ ಬಿತ್ತು" ಎಂದುಬಿಟ್ಟರೆ ಕೇಳುವವರಿಲ್ಲ. ಆ ಮಾತನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡೂ ನೋಡಿದೆ. ತಲೆ ಎತ್ತಿದರೆ ಆಂಟಿ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಎಂತ ಆಯ್ತು?"

"ಅಚ್ಚು ದೊಡ್ಡದಾಗಿದೆ ಆಂಟಿ. ಪ್ರಿಂಟಿನದ್ದು ತಪ್ಪು. ಅಲ್ಲ, ಅಳೆಯದೆ ಕೊಟ್ಟದ್ದು ನನ್ನ ತಪ್ಪು. ಒಂದೆಸಳು ಕಡಿಮೆ ಬೀಳ್ತದೆ."

ಅವರು ಲೋಟ ಕೆಳಗಿಟ್ಟರು. ಎಸಳುಗಳನ್ನು ಮುಟ್ಟಲಿಲ್ಲ.

"ದೊಡ್ಡದು ಉಂಟು ಅಂತ ನಂಗೆ ನಾಲ್ಕನೇದು ಕತ್ತರಿಸುವಾಗಲೇ ಗೊತ್ತಾಗಿತ್ತು," ಎಂದರು. "ಆ ಚೌಕ ಅಳೆದು ನೋಡಿದೆ. ನೀವು ಬೇಕಂತಲೇ ಹಾಗೆ ಮಾಡಿರ್ಬೇಕು ಅಂದ್ಕೊಂಡೆ."

"ಕೇಳ್ಬಾರದಿತ್ತಾ ಆಂಟಿ? ಆಗ ಕೇಳಿದ್ರೆ ಹದಿನಾರೂ ಬರ್ತಿತ್ತು!" ನನ್ನ ಸ್ವರ ಏರಿತು. ತಪ್ಪು ನನ್ನದಾದಾಗಲೂ ಏರುವ ಸ್ವರ ನನ್ನದು.

"ಬೆಳಿಗ್ಗೆ ಆ ಹುಡುಗಿ ಕೇಳಿದ್ಲಲ್ಲ," ಎಂದರು ಆಂಟಿ.

ಇದನ್ನು ನಾನು ಇಷ್ಟು ಹೊತ್ತು ಹೇಳದೆ ಬಿಟ್ಟಿದ್ದೇನೆ, ಹೇಳಲು ನಾಚಿಕೆಯಾಗಿ. ಅಚ್ಚು ಹಂಚಿದ ಕೂಡಲೇ ಮುಂದಿನ ಸಾಲಿನ ಕಾಲೇಜು ಹುಡುಗಿಯೊಬ್ಬಳು, "ಟೀಚರ್, ಇದನ್ನು ಅಳೆಯುದು ಬೇಡ್ವಾ?" ಎಂದು ಕೇಳಿದ್ದಳು. ನಾನು ಎಲ್ಲರ ಎದುರು, "ನನ್ನ ಡಿಸೈನ್ ಅಳೆಯಲಿಕ್ಕೆ ಬಂದದ್ದಾ, ಕಲೀಲಿಕ್ಕೆ ಬಂದದ್ದಾ ನೀನು?" ಎಂದಿದ್ದೆ. ಕೆಲವರು ನಕ್ಕಿದ್ದರು. ಹುಡುಗಿ ಸ್ಕೇಲನ್ನು ಪೌಚಿನೊಳಗೆ ಇಟ್ಟುಬಿಟ್ಟಿದ್ದಳು. ಹತ್ತೊಂಬತ್ತರ ಹುಡುಗಿಗೆ ಹಾಗೆ ಹೇಳಿದವಳ ಹತ್ತಿರ ಅರವತ್ತೇಳರ ಹೆಂಗಸು ಯಾಕೆ ಕೇಳಿಯಾರು?

ನಾನು ಕುಳಿತುಬಿಟ್ಟೆ. ಆಂಟಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಚೀಲದಿಂದ ಸೀರೆಯ ತೂತುಬಿದ್ದ ಭಾಗವನ್ನು ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ಹುಡುಕಿದರು. ಎರಡೇ ತೂತಿದ್ದ ಒಂದು ಜಾಗ ಸಿಕ್ಕಿತು.

"ಇಲ್ಲಿಂದ ಒಂದು ಬರ್ತದೆ. ಅಡಿಗೆ ತೆಳು ಬಟ್ಟೆ ಕೊಟ್ಟು ರಫ್ಫು ಮಾಡಿ ತೂತು ಮುಚ್ಚುವ. ಇದು ನನ್ನ ಹೂವಿಗಿರಲಿ. ಆದ್ರೆ ನನ್ನ ತಂಗಿಗೆ ನೀವೇ ಹೇಳ್ಬೇಕು. ನಾನು ಹೇಳಿದ್ರೆ, ನಾನೇ ಏನೋ ಮಾಡಿದ್ದು ಅಂತ ಅವಳು ಹೇಳುದು. ನನ್ನ ಮಾತು ಅವಳಿಗೆ ಬೇಡ."

ನಂಬರ್ ಒತ್ತಿ ಫೋನನ್ನು ನನ್ನ ಕೈಗೆ ಕೊಟ್ಟರು. ನಾನು ಯಾರೆಂದು ಹೇಳಿದೆ, ಚೌಕದ ಕಥೆ ಹೇಳಿದೆ, ಬೆಳಿಗ್ಗೆ ಹುಡುಗಿಗೆ ಬೈದದ್ದನ್ನೂ ಹೇಳಿದೆ. ಯಾವುದನ್ನೂ ಬಿಡಲಿಲ್ಲ. ಆಂಟಿ ನನಗೆ ಬೆನ್ನು ಹಾಕಿ ಕಿಟಕಿಯ ಹತ್ತಿರ ನಿಂತಿದ್ದರು.

"ತೂತಿನ ಎಸಳು ಯಾರಿಗೆ?" ಎಂದು ತಂಗಿ ಕೇಳಿದರು.

"ನಿಮ್ಮ ಅಕ್ಕನಿಗೆ. ಅವರೇ ಹಾಗೆ ಹೇಳಿದ್ದು."

ಲೈನ್ ಕಟ್ಟಾಯಿತೇನೋ ಎಂದು ಪರದೆ ನೋಡಿದೆ.

"ಫೋನ್ ಅವಳಿಗೆ ಕೊಡಿ," ಎಂದರು.

ಆಂಟಿ ತಿರುಗಿದರು. ಎರಡೂ ಕೈಯಿಂದ ಫೋನ್ ತೆಗೆದುಕೊಂಡರು. ನಾನು ಜಗುಲಿಗೆ ಬಂದು ಬಾಗಿಲು ಎಳೆದುಕೊಂಡೆ. ಒಳಗೆ ಕೊಂಕಣಿಯಲ್ಲಿ ಮಾತು ಶುರುವಾಯಿತು, ಆಮೇಲೆ ಅಳು.

ನಿಮ್ಮ ತಪ್ಪಿನಿಂದ ಒಳ್ಳೆಯದೇ ಆಯಿತಲ್ಲ ಎಂದು ಈ ಕಥೆ ಕೇಳಿದವರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅಕ್ಕತಂಗಿ ಮಾತಾಡಿದ್ದು ಅವರ ದೊಡ್ಡತನ. ನನ್ನ ಪಾಲಿಗೆ ಬಂದದ್ದು, ನನ್ನ ಬಾಯಿಗೆ ಹೆದರಿ ಒಬ್ಬರು ತಮ್ಮ ಅಮ್ಮನ ಸೀರೆಯನ್ನು ಸುಮ್ಮನೆ ಕತ್ತರಿಸುತ್ತಾ ಹೋದರು ಎನ್ನುವುದು ಮಾತ್ರ.