ನೋಯದ ಸೀಟು

ಹೆಗಲ ಮೇಲೆ ಸೋಬಾ ಶಾವಿಗೆಯ ಪೆಟ್ಟಿಗೆಗಳನ್ನು ಹೊತ್ತು ಸೈಕಲ್ ತುಳಿಯುವವನು ದಾರಿಯಲ್ಲಿ ಕಾಲು ನೆಲಕ್ಕೆ ಊರಬಾರದು. ಊರಿದನೋ, ಅವನು ಕಸುಬುಗಾರನೇ ಅಲ್ಲ, ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನು. ಟೋಕಿಯೊದ ಕಾಂಡಾದಲ್ಲಿ, ನಮ್ಮ ಕೇರಿಯಲ್ಲಿ, ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಆದರೆ ಮೀರಿದವನನ್ನು ವರ್ಷಗಟ್ಟಲೆ ಆಡಿಕೊಂಡು ನಗುತ್ತಿದ್ದರು. ಟ್ರಾಮ್ ಅಡ್ಡ ಬರಲಿ, ನಾಯಿ ಅಡ್ಡ ಬರಲಿ, ಪೊಲೀಸಿನವನೇ ಕೈ ಚಾಚಲಿ, ಬಲಗೈಯಲ್ಲಿ ಹ್ಯಾಂಡಲ್ ಹಿಡಿದು, ಎಡಗೈಯಲ್ಲಿ ಎಡಹೆಗಲ ಮೇಲಿನ ಪೆಟ್ಟಿಗೆಗಳ ಅಟ್ಟಿಯನ್ನು ಆನಿಸಿಕೊಂಡು, ನಿಂತಲ್ಲೇ ತೂಗಾಡುತ್ತ ಕಾಯಬೇಕು. ಅದೆಂಥ ಹಾಳು ಜಂಬವೋ! ಆ ಜಂಬವೇ ಮಾಗೊರೊಕುವನ್ನು ತಿಂದುಹಾಕಿತು ಎಂದು ಕೇರಿಯ ಹೆಂಗಸರು ಇವತ್ತಿಗೂ ಶಪಿಸುತ್ತಾರೆ.

ಮಾಗೊರೊಕು ಯುದ್ಧದಿಂದ ಬದುಕಿ ಬಂದವನು. ಬಂದವನೇ ಓಹಿಸಾ ಎಂಬ ವಿಧವೆಯ ಸೋಬಾ ಅಂಗಡಿ ಸೇರಿದ. ಅವನ ಹೆಂಡತಿ ಶಿಗೆ ಅದೇ ಅಂಗಡಿಯ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅವನ ಹೆಗಲ ಮೇಲಿನ ಅಟ್ಟಿ ಅವನ ತಲೆಗಿಂತ ಎತ್ತರ ಇರುತ್ತಿತ್ತು. ಅದನ್ನು ಹೊತ್ತು ಅವನು ಓಣಿ ತಿರುಗುವುದನ್ನು ನೋಡಲು ಕ್ಷೌರದಂಗಡಿಯವನು ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಬಾಗಿಲಿಗೆ ಬರುತ್ತಿದ್ದ. ಒಂದು ಹನಿ ಸಾರು ಚೆಲ್ಲಿದವನಲ್ಲ ಎನ್ನುವುದು ಅವನ ಹೆಸರಿನ ಜೊತೆಗೇ ಅಂಟಿಕೊಂಡ ಮಾತಾಗಿತ್ತು. ಶಿಗೆಗೂ ಅದು ಹೆಮ್ಮೆಯೇ. ಇಲ್ಲ ಎಂದರೆ ಸುಳ್ಳಾದೀತು.

ಅವನ ಸೈಕಲ್ಲಿನದು ತೊಗಲಿನ ಸೀಟು. ತೊಗಲು ಮೊದಮೊದಲು ಹಲಗೆಯಷ್ಟು ಗಟ್ಟಿ, ಕೂತವನ ಪ್ರಾಣ ಹಿಂಡುತ್ತದೆ. ಆಮೇಲೆ ಅವನ ಮೈಗೆ ತಕ್ಕಂತೆ ತಗ್ಗಿ, ಅವನದೇ ಆಗಿಬಿಡುತ್ತದೆ. ಮಾಗೊರೊಕುವಿನ ಭಾರವೆಲ್ಲ ಎಡಕ್ಕೆ, ಹಾಗಾಗಿ ಸೀಟೂ ಎಡಕ್ಕೇ ಕುಸಿದಿತ್ತು. ಬೇರೆ ಯಾರಾದರೂ ಹತ್ತಿದರೆ ಓರೆಯಾಗಿ ಬೀಳುವುದೇ ಸೈ. ಸೀಟಿನ ಮೂತಿಯನ್ನು ಅವನು ಒಂದು ಬೆರಳಿನಷ್ಟು ಮೇಲೆತ್ತಿ ಬಿಗಿಸಿದ್ದ. ಬರಿಗೈಯಲ್ಲಿ ಹೋಗುವವನಿಗೆ ಸೀಟು ಮಟ್ಟಸವಾಗಿದ್ದರೆ ಸಾಕು. ಹೆಗಲಲ್ಲಿ ಭಾರ ಇದ್ದವನು ಬೆನ್ನು ನೆಟ್ಟಗಿಟ್ಟು ಕೂರುತ್ತಾನೆ. ಮೂತಿ ತಗ್ಗಿದ್ದರೆ ಮುಂದಕ್ಕೆ ಜಾರುತ್ತಾನೆ, ಜಾರುವ ಮೈಯನ್ನು ಒಂದೇ ಕೈಯಲ್ಲಿ ತಡೆಯಲಾಗುವುದಿಲ್ಲ. ಮೂತಿ ಎತ್ತಿದ್ದರೆ ಜಾರುವ ಭಯವಿಲ್ಲ, ಆದರೆ ತೊಡೆಸಂದಿನಲ್ಲಿ ಒತ್ತುತ್ತದೆ. ಆ ಒತ್ತನ್ನು ಅವನು ವರ್ಷಾನುಗಟ್ಟಲೆ ಹಲ್ಲು ಕಚ್ಚಿ ಸಹಿಸಿದ್ದ.

ಆ ವರ್ಷ ಎಲೆ ಉದುರುವ ಹೊತ್ತಿಗೆ ನೋವು ಸೊಂಟದಿಂದ ಎಡಗಾಲಿಗೆ ಇಳಿಯಿತು. ಕೂತರೆ ಏಳುತ್ತಿದ್ದ, ಎದ್ದರೆ ಕೂರುತ್ತಿದ್ದ.

“ಏನಪ್ಪಾ ಮಾಗೊರೊಕು, ಚಡ್ಡಿಯೊಳಗೆ ಇರುವೆ ಬಿಟ್ಟಿದಾರಾ?” ಎಂದು ಓಹಿಸಾ ನಕ್ಕಳು. ಒಳ್ಳೆಯ ಹೆಂಗಸು, ಮರುದಿನವೇ ಹೊಸ ರಬ್ಬರ್ ಸೀಟು ತಂದಳು. ದಪ್ಪಗೆ, ಕಪ್ಪಗೆ, ಕೆಳಗೆ ಎರಡು ಸ್ಪ್ರಿಂಗು.

ಅದನ್ನು ಕೂರಿಸಲು ಬಂದ ಸೈಕಲ್ ರಿಪೇರಿಯ ಗೊಂಡಾ ಮೂಗು ಮುರಿದ. “ಅಮ್ಮಾವ್ರೇ, ರಬ್ಬರು ಮೆತ್ತಗಿರತ್ತೆ, ಇಲ್ಲ ಅನ್ನಲ್ಲ. ಮಳೇಲಿ ನೆನೆದ್ರೂ ಕೆಡಲ್ಲ. ಆದ್ರೆ ಇವನು ಸ್ಪ್ರಿಂಗ್ ಮೇಲೆ ಕುಣೀತಾ ಹೋದ್ರೆ ಹೆಗಲ ಮೇಲಿನ ಸೋಬಾನೂ ಕುಣಿಯತ್ತೆ.”

“ನಿನ್ನ ಅಂಗಡೀಲಿ ಈ ಸೀಟಿಲ್ಲ ಅನ್ನು, ಅದಕ್ಕೇ ಈ ರಾಗ!” ಎಂದಳು ಓಹಿಸಾ. “ಸುಮ್ನೆ ಬಿಗಿ.”

ವಾರ ಕಳೆಯುವುದರೊಳಗೆ ನೋವು ಮಾಯ. ಮಾಗೊರೊಕು ಅಡುಗೆಮನೆಗೆ ಬಂದು, “ಸ್ವರ್ಗ ಕಣ್ರೋ! ಇಷ್ಟು ದಿನ ಕಲ್ಲಿನ ಮೇಲೆ ಕೂತಿದ್ದೆ, ಮುಠ್ಠಾಳ ನಾನು,” ಎಂದು ಎಲ್ಲರಿಗೂ ಸಾರಿದ. ಅಡುಗೆಯ ಜಿಂಪಾಚಿ, “ನಿನ್ನ ಮುಖದಲ್ಲಿ ನಗು ನೋಡಿ ಎಷ್ಟು ಕಾಲ ಆಗಿತ್ತೋ ಮಾರಾಯ,” ಎಂದು ಒಂದು ಲೋಟ ಸಾಕೆ ಹೆಂಡ ಬಗ್ಗಿಸಿದ. ಎಲ್ಲರೂ ರಬ್ಬರನ್ನು ಹೊಗಳಿದ್ದೇ ಹೊಗಳಿದ್ದು. ಶಿಗೆ ಮಾತ್ರ ಗಂಡ ದಿನಾ ಬೆಳಗ್ಗೆ ಸ್ಪ್ಯಾನರ್ ಹಿಡಿದು ಸೀಟಿನ ಕೆಳಗೆ ಬಗ್ಗುವುದನ್ನು ನೋಡುತ್ತಿದ್ದಳು. ಒಂದು ದಿನ ಮೂತಿ ಎತ್ತುವನು, ಒಂದು ದಿನ ಇಳಿಸುವನು, ಮತ್ತೆ ಎತ್ತುವನು.

“ನೋವಿಲ್ಲ ಅಂದ್ರಲ್ಲ, ಮತ್ಯಾಕ್ರೀ ಅದನ್ನ ಪೀಡಿಸ್ತೀರಿ?”

“ನೋವಿಲ್ಲ ಕಣೆ. ಸೀಟು ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ. ಬಲಗಡೆ ಸರಿಯಾಗಿ ಕೂತಿದೀನಿ, ಎಡಗಡೆ ಗಾಳಿ ಮೇಲೆ ಕೂತಂಗೆ. ಇನ್ನೊಂದು ಚೂರು ಎತ್ತಿದ್ರೆ ಸಿಗತ್ತೆ.”

ಅವನು ನಗುತ್ತಲೇ ಹೇಳಿದ.

ಮರುವಾರ ಒಂದು ಸಂಜೆ ಕೇರಿಯ ಸಾರ್ವಜನಿಕ ಸ್ನಾನದಮನೆಯಿಂದ ಇಬ್ಬರೂ ಹಿಂದಿರುಗುತ್ತಿದ್ದರು. ಚಳಿಗೆ ನೆಲ ಹೆಪ್ಪುಗಟ್ಟಿತ್ತು. ಮಾಗೊರೊಕು ಮುಂದೆ, ಟವೆಲು ಹೆಗಲಿಗೆ ಹಾಕಿ, ಏನೋ ಗುನುಗುತ್ತ ನಡೆಯುತ್ತಿದ್ದ. ಹಿಂದಿನಿಂದ ಕ್ಷೌರದಂಗಡಿಯವನು ಕೂಗಿದ: “ಏ ಮಾಗೊರೊಕು! ಒಂದು ಚಪ್ಪಲಿ ಇಲ್ಲೇ ಬಿಟ್ಟು ಹೋಗ್ತಿದೀಯಲ್ಲೋ! ಬಾಡಿಗೆಗಾ?”

ಶಿಗೆ ತಿರುಗಿ ನೋಡಿದಳು. ಎಡಗಾಲಿನ ಮರದ ಚಪ್ಪಲಿ ಬಲು ಹಿಂದೆ, ಓಣಿಯ ಬಾಯಲ್ಲಿ ಬಿದ್ದಿತ್ತು. ಗಂಡ ಅಷ್ಟು ದೂರವೂ ಹಿಮದಂಥ ನೆಲದ ಮೇಲೆ ಬರಿಗಾಲಲ್ಲಿ ಬಂದಿದ್ದ.

“ಜೋಮು ಹಿಡಿದಿದೆ ಅಷ್ಟೆ,” ಎಂದ ಅವನು, ಅವಳು ಕೇಳುವ ಮೊದಲೇ.

ಆ ಇರುಳು ಅವಳಿಗೆ ನಿದ್ದೆ ಹತ್ತಲಿಲ್ಲ. ಬೆಳಗಾಗುತ್ತಲೇ ಸೈಕಲ್ ತಳ್ಳಿಕೊಂಡು ಗೊಂಡಾನ ಅಂಗಡಿಗೆ ಹೋದಳು. ಹಳೆಯ ತೊಗಲಿನ ಸೀಟು ಅಲ್ಲೇ ಮೂಲೆಯಲ್ಲಿತ್ತು. ಅದನ್ನು ಮೊದಲಿದ್ದಂತೆಯೇ, ಮೂತಿ ಒಂದು ಬೆರಳು ಮೇಲೆ ಮಾಡಿ, ಸೈಕಲ್ಲಿಗೆ ಕೂರಿಸಲು ಹೇಳಿದಳು. ಗೊಂಡಾ ಏನನ್ನೂ ಕೇಳದೆ ಬಿಗಿಸಿ ಕೊಟ್ಟ.

ಮಾಗೊರೊಕು ಬಂದು ನೋಡಿ ಸಿಡಿಮಿಡಿಗೊಂಡ. “ಇದ್ಯಾಕೆ? ಮತ್ತೆ ಸಾಯ್ಲಿ ಅಂತಾನಾ?”

“ಒಂದ್ಸಲ ಕೂತ್ಕೊಳ್ರೀ. ನನಗೋಸ್ಕರ. ನೋವಾದ್ರೆ ತೆಗೆಸಿಬಿಡ್ತೀನಿ.”

ಅವನು ಗೊಣಗುತ್ತ ಹತ್ತಿದ. ಓಣಿಯ ಕೊನೆಯವರೆಗೆ ಹೋಗಿ ತಿರುಗಿ ಬಂದ. ಶಿಗೆ ಬಾಗಿಲ ಕಂಬ ಹಿಡಿದು ನಿಂತಿದ್ದಳು. ಅಯ್ಯೋ ದೇವರೇ, ಒಂದು ಸಲ ‘ಅಮ್ಮಾ’ ಅನ್ನಲಿ, ಮುಖ ಕಿವುಚಲಿ, ನನ್ನನ್ನು ಬೇಕಾದಷ್ಟು ಬೈಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಮಾಗೊರೊಕು ಇಳಿಯುವಾಗ ಅವನ ಮುಖ ಅರಳಿತ್ತು. “ಲೇ, ಇದೂ ನೋಯ್ತಿಲ್ಲ ಕಣೆ! ತೊಗಲೂ ಮೆತ್ತಗಾಗಿದೆ!”

ಹೇಳಿದ ಮೇಲೆ ಅವನು ಹೆಂಡತಿಯ ಮುಖ ನೋಡಿದ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅವನ ನಗು ಅಲ್ಲೇ ನಿಂತಿತು.

“ನೋವು ಹೋಗಿದ್ದು ಸೀಟಿನಿಂದಲ್ಲ ರೀ,” ಎಂದಳು ಶಿಗೆ. “ನಿಮ್ಮ ಕಾಲು ಸತ್ತು ಹೋಗ್ತಿದೆ. ಡಾಕ್ಟರ ಹತ್ರ ಹೋಗೋಣ. ಇವತ್ತೇ.”

“ವರ್ಷದ ಕೊನೇಲಾ? ತಲೆ ಕೆಟ್ಟಿದೆಯಾ ನಿಂಗೆ? ಊರೆಲ್ಲ ಸೋಬಾ ತಿನ್ನೋ ದಿನ ಬರ್ತಿದೆ. ಅಮ್ಮಾವ್ರಿಗೆ ಗೊತ್ತಾದ್ರೆ ನನ್ನ ಸೈಕಲ್ಲು ಇನ್ನೊಬ್ಬನಿಗೆ ಹೋಗತ್ತೆ. ಒಂದ್ಸಲ ಹೋದ್ರೆ ಬರಲ್ಲ. ಆಮೇಲೆ ನಾನೇನು ಮಾಡ್ಲಿ, ನಿನ್ನ ಪಕ್ಕ ಕೂತು ಬಟ್ಟಲು ತೊಳೀಲಾ?”

“ತೊಳೀರಿ! ತೊಳೆದ್ರೆ ಕೈ ಬಿದ್ದು ಹೋಗತ್ತಾ?”

ಅವನು ಸೀಟಿನ ಮೇಲೆ ಕೈಯಾಡಿಸಿದ. ತಗ್ಗಿದ ದನಿಯಲ್ಲಿ, “ಹೊಸ ವರ್ಷ ಕಳೀಲಿ. ಖಂಡಿತ ಬರ್ತೀನಿ. ಅಲ್ಲೀವರ್ಗೂ ಬಾಯಿ ಬಿಡಬೇಡ, ಶಿಗೆ,” ಎಂದ. ಅಷ್ಟು ಮೆತ್ತಗೆ ಅವನು ಅವಳ ಹತ್ತಿರ ಏನನ್ನೂ ಬೇಡಿದವನಲ್ಲ. ಅವಳು ಸೋತಳು. ಆ ಸೋಲಿಗೆ ತನ್ನನ್ನು ತಾನು ಕ್ಷಮಿಸಿಕೊಳ್ಳಲು ಅವಳಿಂದ ಮುಂದೆಂದೂ ಆಗಲಿಲ್ಲ.

ರಬ್ಬರ್ ಸೀಟು ಮತ್ತೆ ಸೈಕಲ್ ಏರಿತು. ಎರಡೂ ಒಂದೇ ಆದ ಮೇಲೆ ಯಾವುದಾದರೇನು? ಆದರೆ ಎಡಪಾದ ಪೆಡಲಿನ ಮೇಲೆ ನಿಲ್ಲುತ್ತಿರಲಿಲ್ಲ, ಜೋತುಬಿದ್ದು ಜಾರುತ್ತಿತ್ತು. ಅದಕ್ಕೆ ಮಾಗೊರೊಕುವೇ ಉಪಾಯ ಕಂಡುಕೊಂಡ. ಹಳೆಯ ಟವೆಲಿನ ಪಟ್ಟಿ ಹರಿದು ಪಾದವನ್ನು ಪೆಡಲಿಗೆ ಕಟ್ಟುವುದು, ಎಳೆದರೆ ಬಿಚ್ಚುವ ಜಾರುಗಂಟು. ಹತ್ತುವುದು ಇಳಿಯುವುದು ಬಲಗಾಲಲ್ಲೇ, ಬಾಗಿಲ ಮೆಟ್ಟಿಲುಗಲ್ಲಿನ ಆಸರೆಯಲ್ಲಿ. ದಾರಿಯಲ್ಲಿ ಹೇಗೂ ಅವನು ಕಾಲು ಊರುವವನಲ್ಲ, ಆದ್ದರಿಂದ ಕೇರಿಗೆ ಏನೂ ತಿಳಿಯಲಿಲ್ಲ. ಕೆಂಪು ದೀಪದಲ್ಲಿ ಅವನು ತೂಗಾಡುತ್ತ ನಿಂತರೆ ಜನ, “ಆಹಾ, ಇವನೊಬ್ಬನೇ ಉಳಿದಿರೋ ಹಳೇ ಕಾಲದ ಆಳು,” ಎನ್ನುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಶಿಗೆ ತಲೆ ತಗ್ಗಿಸಿ ಬಟ್ಟಲು ಉಜ್ಜುತ್ತಿದ್ದಳು.

ವರ್ಷದ ಕೊನೆಯ ದಿನ ಬಂತು. ಬೆಳಗಿನಿಂದ ಅಡುಗೆಮನೆ ಹೊಗೆಯಲ್ಲಿ ಮುಳುಗಿತ್ತು. ಮಧ್ಯಾಹ್ನ ಅಚ್ಚುಕೂಟದವರಿಂದ ಫೋನು: ಆಳುಗಳಿಗೆಲ್ಲ ಸೋಬಾ ಬೇಕು, ಜೊತೆಗೆ ಸೋಬಾ ಬಸಿದ ಬಿಸಿ ಗಂಜಿಯೂ ಬೇಕು, ಅದನ್ನು ಉಳಿದ ಸಾರಿಗೆ ಬೆರೆಸಿ ಕುಡಿಯದಿದ್ದರೆ ಅಲ್ಲಿಯ ಮುದುಕರಿಗೆ ಊಟ ಮುಗಿದಂತಾಗದು. ಮಾಗೊರೊಕು ಸೀಟಿನ ಮೇಲೆ ಕೂತ. ಜಿಂಪಾಚಿ ಅಟ್ಟಿಯನ್ನು ಅವನ ಹೆಗಲಿಗೆ ಏರಿಸಿದ, ಕುದಿಯುವ ಗಂಜಿ ತುಂಬಿದ ಉದ್ದ ಮೂತಿಯ ಪಾತ್ರೆಯನ್ನು ಹ್ಯಾಂಡಲಿನ ಎಡಗಡೆಗೆ ನೇತುಹಾಕಿ, ಇನ್ನೊಂದು ಆರ್ಡರಿಗೆಂದು ಒಳಗೆ ಓಡಿದ.

“ಶಿಗೆ,” ಎಂದ ಮಾಗೊರೊಕು ಪಿಸುದನಿಯಲ್ಲಿ. ಹೊರೆ ಹೊತ್ತವನು ಬಗ್ಗಲಾರ.

ಅವಳು ಒದ್ದೆ ಕೈಯನ್ನು ಸೊಂಟದ ಬಟ್ಟೆಗೆ ಒರೆಸಿಕೊಂಡು ಮಂಡಿಯೂರಿದಳು. ಹಿಮ್ಮಡಿಯ ಬಳಿ ಕೊಕ್ಕೆ ಹಾಕುವ ಬಟ್ಟೆಯ ಕಾಲುಚೀಲ ತೊಟ್ಟ ಅವನ ಪಾದ ಅವಳ ಕೈಯಲ್ಲಿ ಹಿಟ್ಟಿನ ಮುದ್ದೆಯಂತೆ ಸುಮ್ಮನೆ ಬಿದ್ದುಕೊಂಡಿತ್ತು. ಅದನ್ನು ಪೆಡಲಿನ ಮೇಲಿಟ್ಟು, ಪಟ್ಟಿ ಸುತ್ತಿ, ಜಾರದ ಹಾಗೆ ಬಿಗಿಯಾಗಿ ಕಟ್ಟಿದಳು.

“ಹುಷಾರು ರೀ.”

“ಏನಾಗತ್ತೆ? ನೋವೇ ಇಲ್ಲ,” ಎಂದು ಅವನು ಹೊರಟ. ಓಣಿಯ ಕಲ್ಲುಹಾಸಿನ ಮೇಲೆ ಸ್ಪ್ರಿಂಗು ಕುಣಿಯಿತು, ಹ್ಯಾಂಡಲಿನ ಪಾತ್ರೆ ಓಲಾಡಿತು, ಅಟ್ಟಿ ಅಲುಗಲಿಲ್ಲ. ಕ್ಷೌರದಂಗಡಿಯಿಂದ ಯಾರೋ ಚಪ್ಪಾಳೆ ತಟ್ಟಿದರು.

ಅವನು ತಿರುಗಿ ಬರುವಷ್ಟರಲ್ಲಿ ಅಚ್ಚುಕೂಟದಿಂದ ಮತ್ತೆ ಫೋನು ಬಂದಿತ್ತು. ಓಹಿಸಾ ಬಾಗಿಲಲ್ಲೇ ಕೇಳಿದಳು: “ಏನೋ ಇದು? ಸೋಬಾ ಚೆನ್ನಾಗಿದೆಯಂತೆ, ಗಂಜಿ ಪಾತ್ರೆ ಖಾಲಿಯಂತೆ! ಮುದುಕರು ಕೂಗಾಡ್ತಿದಾರೆ.”

ಮಾಗೊರೊಕುವಿನ ಮುಖ ಕೆಂಪೇರಿತು. ಕಂಬ, ಮೇಜು ಹಿಡಿಯುತ್ತ ನೇರ ಅಡುಗೆಮನೆಗೆ ನುಗ್ಗಿದ. “ಜಿಂಪಾಚಿ! ಖಾಲಿ ಪಾತ್ರೆ ಕೊಟ್ಟು ನನ್ನ ಮಾನ ತೆಗೀತೀಯೇನೋ?”

“ಖಾಲೀನಾ? ನನ್ನ ಕೈಯಾರೆ ತುಂಬಿದೀನಿ. ಕುದೀತಿತ್ತು! ನೀನೇ ಎಲ್ಲೋ ಚೆಲ್ಲಿಕೊಂಡು ಬಂದು...”

“ನಾನಾ? ನಾನು ಚೆಲ್ಲೋನಾ? ಇಷ್ಟು ವರ್ಷದಲ್ಲಿ ಒಂದು ಹನಿ ಚೆಲ್ಲಿದ್ರೆ ತೋರ್ಸು! ಚೆಲ್ಲಿದ್ರೆ ನಂಗೆ ಗೊತ್ತಾಗಲ್ವೇನೋ?”

ಶಿಗೆ ತೊಳೆಯುತ್ತಿದ್ದ ಬಟ್ಟಲನ್ನು ಕೆಳಗಿಟ್ಟಳು. ಬಾಗಿಲಿನಿಂದ ಒಳಗೆ ಗಂಡನ ಹೆಜ್ಜೆಗುರುತುಗಳು ಮೂಡಿದ್ದವು. ಬಲ ಹೆಜ್ಜೆ ಒಣಗಿತ್ತು. ಎಡ ಹೆಜ್ಜೆಯ ಜಾಗದಲ್ಲೆಲ್ಲ ಬೆಳ್ಳಗಿನ, ಮಡ್ಡಿಯಾದ ನೀರು ಇಂಗುತ್ತಿತ್ತು. ಅಂಟಂಟು ನೀರು, ಸೋಬಾ ಹಿಟ್ಟಿನ ವಾಸನೆ.

ಅವಳು ಅವನ ಕಾಲಬಳಿ ಕೂತು ಕಾಲುಚೀಲದ ಕೊಕ್ಕೆ ಬಿಚ್ಚತೊಡಗಿದಳು. ಅವನು ಕೆಳಗೆ ನೋಡಲೂ ಇಲ್ಲ. “ಬಿಡೇ, ಇನ್ನೊಂದು ಆರ್ಡರಿದೆ. ಇವನನ್ನ ಇವತ್ತು ಸುಮ್ನೆ ಬಿಡಲ್ಲ ನಾನು,” ಎಂದು ಜಿಂಪಾಚಿಯ ಕಡೆ ಬೆರಳು ತೋರಿಸುತ್ತಲೇ ಇದ್ದ.

ಕಾಲುಚೀಲ ಬಂತು. ಅದರ ಜೊತೆಗೆ ಚರ್ಮವೂ ಬಂತು.

ಓಹಿಸಾ ಕಿಟಾರನೆ ಕಿರುಚಿ ಬಾಯಿ ಮುಚ್ಚಿಕೊಂಡಳು. ಜಿಂಪಾಚಿ ಬೈಗುಳವನ್ನು ಅರ್ಧಕ್ಕೇ ನುಂಗಿ ಗೋಡೆಯ ಕಡೆ ತಿರುಗಿದ. ಒಲೆಯ ಮೇಲೆ ನೀರು ಉಕ್ಕುತ್ತಿತ್ತು, ಯಾರೂ ಇಳಿಸಲಿಲ್ಲ. ಶಿಗೆ ತನ್ನ ಸೊಂಟದ ಬಟ್ಟೆ ಬಿಚ್ಚಿ ಆ ಪಾದದ ಮೇಲೆ ಹೊದಿಸಿ, ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಕಟ್ಟಿದ್ದು ನಾನೇ, ಕಟ್ಟಿದ್ದು ನಾನೇ ಎಂದು ಅವಳ ತುಟಿ ಅಲುಗುತ್ತಿತ್ತು.

ಮಾಗೊರೊಕು ಒಬ್ಬೊಬ್ಬರ ಮುಖವನ್ನೂ ನೋಡಿದ. ಅವನ ಕೋಪ ಇಳಿದು, ಏನೂ ತಿಳಿಯದ ಒಂದು ಸಣ್ಣ ನಗು ಬಂತು.

“ಏನ್ರೋ? ಏನಾಯ್ತು? ಯಾಕೆಲ್ಲ ಹಿಂಗೆ ನಿಂತಿದೀರಿ?”