ಭೂತಕಾಲದ ಮೇಷ್ಟ್ರು

ಹದಿಹರೆಯದವರ ಮಾಯಾಲೋಕದ ಕಾದಂಬರಿಮಾಲೆಯ ಕರಡು ತಿದ್ದುವ ಮೇಷ್ಟ್ರ ಕೆಂಪು ಪೆನ್ನಿಗೆ ಆ ಕತೆಗಳೊಳಗಿನ ರಾಕ್ಷಸರೂ ಹೆದರುತ್ತಾರೆ. ಮೊದಲ ಭಾಗದಲ್ಲಿ ಎಡಗಣ್ಣು ಕುರುಡಾಗಿದ್ದ ಡ್ರ್ಯಾಗನ್‌ಗೆ ಮೂರನೆಯದರಲ್ಲಿ ಬಲಗಣ್ಣು ಕಾಣದಿದ್ದರೆ ಲೇಖಕಿಗೆ ತಕ್ಷಣ ಫೋನು: “ಏನಮ್ಮಾ, ಕಣ್ಣು ಅದಲುಬದಲು ಮಾಡಿಸಿದ್ರಾ?” ಹಾರುವ ಕುದುರೆ, ಮಾತಾಡುವ ಬಾಗಿಲು ಎಲ್ಲವನ್ನೂ ಅವರು ಕಣ್ಣುಮುಚ್ಚಿ ನಂಬುತ್ತಾರೆ, ಒಂದು ಮಹಾಪ್ರಾಣ ಬಿಟ್ಟುಹೋದರೆ ಮಾತ್ರ ತಮ್ಮ ಪ್ರಾಣವೇ ಹೋದಂತೆ ಚಡಪಡಿಸುತ್ತಾರೆ. ನಾಲ್ಕನೆಯ ಭಾಗದಲ್ಲಿ ನಾಯಕಿಯ ಅಮ್ಮ ತೀರಿಕೊಂಡಳು. ಆಮೇಲೂ ಆ ಹುಡುಗಿ “ಅಮ್ಮ ಹೀಗೇ ನಗುತ್ತಾಳೆ” ಎಂದಲ್ಲೆಲ್ಲ ಮೇಷ್ಟ್ರು “ನಗುತ್ತಿದ್ದಳು” ಎಂದು ತಿದ್ದಿಟ್ಟರು. ಲೇಖಕಿ ಮುದ್ರಣಾಲಯಕ್ಕೇ ಬಂದು, “ಪಾಪ, ಮಗು ಮೇಷ್ಟ್ರೇ, ಹಾಗೇ ಇರ್ಲಿ ಬಿಡಿ,” ಎಂದು ಗೋಗರೆದರು. “ಹೋದವರಿಗೆ ವರ್ತಮಾನಕಾಲ ಇಲ್ಲಮ್ಮ. ವ್ಯಾಕರಣ ಅಂದ್ರೆ ವ್ಯಾಕರಣ!” ಅಷ್ಟರಲ್ಲಿ ಕಾಫಿ ಬಂತು. ಲೇಖಕಿ ಸಕ್ಕರೆ ಬೇಡವೆಂದಾಗ ಮೇಷ್ಟ್ರ ಮುಖ ಅರಳಿತು: “ನಮ್ಮನೆಯವಳೂ ಅಷ್ಟೇ ನೋಡಿ, ಸಕ್ಕರೆ ಹಾಕಿದ್ರೆ ಲೋಟಾನೇ ಮುಟ್ಟಲ್ಲ.” ಅವರ ಮನೆಯಾಕೆ ತೀರಿಕೊಂಡು ಎರಡು ವರ್ಷವಾಗಿರುವುದು ಲೇಖಕಿಗೆ ಗೊತ್ತಿತ್ತು. ಕೆಂಪು ಪೆನ್ನು ಮೇಷ್ಟ್ರ ಕೈಯಳತೆಯಲ್ಲೇ ಇತ್ತು. ಲೇಖಕಿ ಅದನ್ನು ಮೆಲ್ಲಗೆ ಆಚೆ ಸರಿಸಿ ಕೇಳಿದರು: “ಹೌದಾ ಮೇಷ್ಟ್ರೇ? ಮತ್ತೆ, ತಿಂಡಿಗೆ ಏನು ಇಷ್ಟಪಡ್ತಾರೆ ಅವರು?”